ಲ್ಯಾಪ್‌ಟಾಪ್ ತೆರೆದು ಕುಳಿತವರು ಏನು ಮಾಡುತ್ತಾರೆ?

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದೇ ಇರುತ್ತಾರೆ. ಮಗನಿರಬಹುದು, ಸೊಸೆಯಿರಬಹುದು, ತಂಗಿಯ ಗಂಡನಿರಬಹುದು. ಅವರ ಸಂಬಳ ಎಷ್ಟೆಂದು ನಿಮಗೆ ಸುಮಾರಾಗಿ ಗೊತ್ತು. ಕಂಪೆನಿಯ ಹೆಸರು ಗೊತ್ತು. ಆಫೀಸಿನಲ್ಲಿ ಎ.ಸಿ. ಇದೆ, ಕರೆದೊಯ್ಯಲು ಕ್ಯಾಬ್ ಬರುತ್ತದೆ ಎಂಬುದೂ ಗೊತ್ತು. ಆದರೆ ಬೆಳಗ್ಗಿನಿಂದ ರಾತ್ರಿಯ ತನಕ ಅವರು ಮಾಡುವುದೇನು ಎಂದು ಯಾರಾದರೂ ಕೇಳಿದರೆ? "ಕಂಪ್ಯೂಟರ್ ಕೆಲಸ" ಎನ್ನುತ್ತೀರಿ. ಅಲ್ಲಿಗೆ ಮಾತು ಮುಗಿಯುತ್ತದೆ.

ನಾನು ಹದಿನೇಳು ವರ್ಷಗಳಿಂದ ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಆಫೀಸು ಮನೆಗೆ ಬಂತಲ್ಲ, ಆಗ ನನ್ನ ಅತ್ತೆ ಮೊದಲ ಬಾರಿಗೆ ನನ್ನ ಕೆಲಸವನ್ನು ಕಣ್ಣಾರೆ ಕಂಡರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಚಹಾ ತಂದಿಟ್ಟು ಕೇಳಿದರು: "ಇಷ್ಟು ಹೊತ್ತಿನಿಂದ ನೋಡ್ತಾ ಇದ್ದೇನೆ, ನೀನು ಒಂದಕ್ಷರವೂ ಟೈಪ್ ಮಾಡಲಿಲ್ಲವಲ್ಲ ಮಗಳೇ?"

ಅವರು ಹೇಳಿದ್ದು ಸರಿಯಾಗಿತ್ತು. ನಾನು ಓದುತ್ತಿದ್ದೆ.

ಬರೆಯುವುದಕ್ಕಿಂತ ಓದುವುದೇ ಹೆಚ್ಚು

ಇಂಜಿನಿಯರ್ ಎಂದರೆ ದಿನವಿಡೀ ಹೊಸ ಹೊಸ ಪ್ರೋಗ್ರಾಂ ಬರೆಯುವವನು ಎಂಬ ಕಲ್ಪನೆ ಕಾಲೇಜಿನಲ್ಲಿರುವ ಮಕ್ಕಳಿಗೂ ಇರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ತಿಳಿಯುವುದು ಬೇರೆಯೇ. ಒಂದು ದೊಡ್ಡ ಕಂಪೆನಿಯ ಪ್ರೋಗ್ರಾಂ ಎಂದರೆ ಲಕ್ಷಗಟ್ಟಲೆ ಸಾಲುಗಳು. ಅವನ್ನು ನೂರಾರು ಮಂದಿ, ಹತ್ತಾರು ವರ್ಷಗಳಲ್ಲಿ ಬರೆದಿರುತ್ತಾರೆ. ಅವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟು ಹೋಗಿರುತ್ತಾರೆ. ಹಳೆಯ ಮನೆಯೊಂದರ ವಯರಿಂಗ್ ನೆನಪಿಸಿಕೊಳ್ಳಿ. ಜಗಲಿಯ ಸ್ವಿಚ್ ಬದಲಿಸಲು ಬಂದ ಇಲೆಕ್ಟ್ರೀಶಿಯನ್ ಅರ್ಧ ದಿನ ಗೋಡೆಯನ್ನೇ ನೋಡುತ್ತಾ ನಿಲ್ಲುತ್ತಾನೆ. ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ತಿಳಿಯದೆ ಕೈಹಾಕಿದರೆ ಬಾವಿಯ ಪಂಪು ನಿಂತುಹೋಗುತ್ತದೆ. ನಮ್ಮದೂ ಹಾಗೆಯೇ.

ಕೆಲಸವು "ಟಿಕೆಟ್" ಎಂಬ ಚೀಟಿಯ ರೂಪದಲ್ಲಿ ಬರುತ್ತದೆ. ಒಮ್ಮೆ ನನಗೆ ಬಂದ ಟಿಕೆಟ್ ಹೀಗಿತ್ತು: ಕೆಲವು ಗ್ರಾಹಕರಿಗೆ ತಮ್ಮ ವಿಳಾಸ ಬದಲಿಸಲಾಗುತ್ತಿಲ್ಲ. ಕೆಲವರಿಗೆ ಮಾತ್ರ ಯಾಕೆ? ಎರಡು ದಿನ ಹುಡುಕಿದೆ. ಅವರ ಹೆಸರಿನಲ್ಲೋ ಬೀದಿಯ ಹೆಸರಿನಲ್ಲೋ ಒಂದು ಪುಟ್ಟ ಅಲ್ಪವಿರಾಮದಂತಹ ಚಿಹ್ನೆ ಇತ್ತು, ಇಂಗ್ಲಿಷಿನಲ್ಲಿ ಅಕ್ಷರದ ತಲೆಯ ಮೇಲೆ ಹಾಕುತ್ತಾರಲ್ಲ, ಅದು. ಎಂದೋ ಯಾರೋ ಬರೆದ ಸಾಲೊಂದು ಆ ಚಿಹ್ನೆ ಕಂಡೊಡನೆ ವಾಕ್ಯ ಮುಗಿಯಿತೆಂದು ತಪ್ಪಾಗಿ ತಿಳಿಯುತ್ತಿತ್ತು. ಬದಲಿಸಿದ್ದು ಒಂದೇ ಒಂದು ಸಾಲು. ಎರಡು ದಿನಕ್ಕೆ ಒಂದು ಸಾಲೇ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ಆ ಸಾಲನ್ನೂ ನೇರವಾಗಿ ಒಳಗೆ ಸೇರಿಸುವಂತಿಲ್ಲ. ಇಬ್ಬರು ಸಹೋದ್ಯೋಗಿಗಳು ಅದನ್ನು ಓದಿ ಒಪ್ಪಬೇಕು. ಅನಂತರ ಪರೀಕ್ಷೆಗಳು. ಆಮೇಲೆ ನಿಜವಾದ ವ್ಯವಸ್ಥೆಯ ಪಡಿಯಚ್ಚಿನಂತಿರುವ ಇನ್ನೊಂದು ಕಡೆ ಓಡಿಸಿ ನೋಡಬೇಕು. ಕೊನೆಗೆ ಬಿಡುಗಡೆ.

ಇಷ್ಟೆಲ್ಲಾ ಯಾಕೆಂದರೆ ಒಂದು ಸಣ್ಣ ಅಜಾಗ್ರತೆ ಏನು ಮಾಡಬಲ್ಲದು ಎಂಬುದನ್ನು ಈ ಉದ್ಯಮ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಶೇರು ವ್ಯವಹಾರದ ಕಂಪೆನಿಯಲ್ಲಿ ಹೊಸ ಪ್ರೋಗ್ರಾಂ ಅಳವಡಿಸಲಾಗಿತ್ತು. ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಮಾತ್ರ ಅದು ತಲುಪಿತ್ತು. ಎಂಟನೆಯದರಲ್ಲಿ ಹಳೆಯ ಪ್ರೋಗ್ರಾಂ ಎಚ್ಚರಗೊಂಡು ಮನಸ್ಸಿಗೆ ಬಂದಂತೆ ಶೇರು ಕೊಂಡು ಮಾರಲು ತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರ್. ಮರುವರ್ಷ ಆ ಕಂಪೆನಿ ಇನ್ನೊಂದರಲ್ಲಿ ವಿಲೀನವಾಯಿತು.

ಇನ್ನೊಂದು ನಿಮಗೂ ನೆನಪಿರಬಹುದು. 2024ರ ಜುಲೈ 19ರಂದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿ ಕಳುಹಿಸಿದ ಒಂದು ದೋಷಪೂರಿತ ಫೈಲಿನಿಂದಾಗಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕುಸಿದು ಬಿದ್ದವು. ಅಂದು ಶುಕ್ರವಾರ. ಶುಕ್ರವಾರ ಏನನ್ನೂ ಬಿಡುಗಡೆ ಮಾಡಬಾರದು ಎಂಬುದು ನಮ್ಮವರ ಹಳೆಯ ಮಾತು. ಇದರಲ್ಲಿ ಶಕುನದ ಪ್ರಶ್ನೆಯೇನೂ ಇಲ್ಲ. ಏನಾದರೂ ಕೆಟ್ಟರೆ ಶನಿವಾರ ಸರಿಪಡಿಸಲು ಆಫೀಸಿನಲ್ಲಿ ಜನ ಇರುವುದಿಲ್ಲ, ಅಷ್ಟೇ.

ಎರಡು ಗಡಿಯಾರಗಳ ಮಧ್ಯೆ

ಬೆಂಗಳೂರಿನ ಹೆಚ್ಚಿನ ಇಂಜಿನಿಯರ್‌ಗಳ ಗ್ರಾಹಕರು ಅಥವಾ ಮೇಲಧಿಕಾರಿಗಳು ಸಮುದ್ರದಾಚೆ ಇರುತ್ತಾರೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಈ ನಗರಕ್ಕೆ ಬಂದಂದಿನಿಂದ ಇಲ್ಲಿನ ಕೆಲಸಕ್ಕೆ ಅಮೆರಿಕದ ನಂಟು ಗಟ್ಟಿಯಾಗುತ್ತಲೇ ಹೋಯಿತು. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ 7.30. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ 6.30. ಕ್ಯಾಲಿಫೋರ್ನಿಯಾದ ಕಂಪೆನಿಯಾದರೆ ಕೇಳುವುದೇ ಬೇಡ, ಅವರ ಬೆಳಗ್ಗಿನ 9 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 9.30 ಅಥವಾ 10.30. ಮಕ್ಕಳನ್ನು ಮಲಗಿಸುವ ಹೊತ್ತಿಗೆ ನಿಮ್ಮ ಸೊಸೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡರೆ ಅದು ಅಹಂಕಾರವಲ್ಲ. ಅವಳ ಆಫೀಸಿನ ಅರ್ಧ ಭಾಗ ಆಗಷ್ಟೇ ಕಣ್ಣುಜ್ಜಿಕೊಂಡು ಎದ್ದಿದೆ.

2025ರ ರಮಝಾನ್ ನಮ್ಮಲ್ಲಿ ಮಾರ್ಚ್ 2ರಂದು ಆರಂಭವಾಯಿತು. ಮೊದಲ ವಾರ ಬಹಳ ಅನುಕೂಲವಾಗಿತ್ತು. ಇಫ್ತಾರ್ ಮುಗಿಸಿ, ಮಗ್ರಿಬ್ ನಮಾಝ್ ಮುಗಿಸಿ, 7.30ರ ಸಭೆಗೆ ನಿರಾಳವಾಗಿ ಕೂರುತ್ತಿದ್ದೆ. ಮಾರ್ಚ್ 9ರಂದು ಅಮೆರಿಕದವರು ಗಡಿಯಾರ ಮುಂದಿಟ್ಟರು. ಸಭೆ 6.30ಕ್ಕೆ ಬಂತು, ಸರಿಯಾಗಿ ಬೆಂಗಳೂರಿನ ಇಫ್ತಾರ್ ಹೊತ್ತಿಗೆ! ಒಂದೆರಡು ದಿನ ಮೈಕ್ ಬಂದ್ ಮಾಡಿ ಖರ್ಜೂರ ಬಾಯಿಗೆ ಹಾಕಿಕೊಂಡೆ. ಆಮೇಲೆ ಸಂಕೋಚ ಬಿಟ್ಟು ಮೇಲಧಿಕಾರಿಗೆ ಒಂದು ಸಾಲಿನ ಇಮೇಲ್ ಬರೆದೆ. ಅರ್ಧ ಗಂಟೆ ಮುಂದಕ್ಕೆ ಹಾಕಿದರು. ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಶುಕ್ರವಾರ ಜುಮಾದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಡುವ ಹುಡುಗರಿಗೂ ನಾನು ಕಂಡಂತೆ ಯಾರೂ ಅಡ್ಡಿಪಡಿಸಿಲ್ಲ. ಏನೂ ಹೇಳದೆ ಎದ್ದು ಹೋಗುವವರ ಬಗ್ಗೆ ಮಾತ್ರ ಗೊಣಗಾಟ ಕೇಳಿದ್ದೇನೆ.

ಮದುವೆ ಮನೆಯಲ್ಲಿ ಬಂದ ಕರೆ

"ಆನ್ ಕಾಲ್" ಎಂಬ ಮಾತನ್ನು ನಿಮ್ಮ ಮನೆಯ ಇಂಜಿನಿಯರ್ ಬಾಯಲ್ಲಿ ನೀವು ಕೇಳಿರಬಹುದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರ್ ಇರುವಂತೆ, ಪ್ರತಿಯೊಂದು ತಂಡದಲ್ಲೂ ವಾರಕ್ಕೊಬ್ಬರು ಈ ಸರದಿಯಲ್ಲಿರುತ್ತಾರೆ. ಆ ವಾರ ಹಗಲಿರಲಿ ರಾತ್ರಿಯಿರಲಿ ವ್ಯವಸ್ಥೆ ಕೆಟ್ಟರೆ ಅವರ ಫೋನು ಹೊಡೆದುಕೊಳ್ಳುತ್ತದೆ. ಹೆಚ್ಚಿನ ಕಡೆ ಹತ್ತು ಹದಿನೈದು ನಿಮಿಷಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ಇರಬೇಕು. ಇದರ ಬಗ್ಗೆ ನನ್ನದೇ ಒಂದು ಕಥೆ ಹೇಳುತ್ತೇನೆ, ಯಾಕೆಂದರೆ ತಪ್ಪೂ ನನ್ನದೇ ಆಗಿತ್ತು.

ಕೆಲವು ವರ್ಷಗಳ ಹಿಂದೆ ನವೆಂಬರಿನ ಮೊದಲ ಆದಿತ್ಯವಾರ ಊರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ನನ್ನ ಸರದಿಯ ವಾರ. ಬದಲಿಗೆ ಯಾರೂ ಸಿಗದೆ ಲ್ಯಾಪ್‌ಟಾಪನ್ನು ಸೀರೆಯ ಚೀಲದೊಳಗಿಟ್ಟುಕೊಂಡೇ ಹೋಗಿದ್ದೆ. ನಿಕಾಹ್ ಮುಗಿದಿತ್ತು. ಹೆಂಗಸರ ಕಡೆ ಊಟಕ್ಕೆ ಕೂರಿಸುತ್ತಿದ್ದರು. ಹನ್ನೆರಡು ದಾಟಿತ್ತೋ ಇಲ್ಲವೋ, ಫೋನು ಅರಚಿಕೊಂಡಿತು. ಹಾಲ್‌ನ ಹಿಂದಿನ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತು ತೆರೆದು ನೋಡಿದರೆ, ಅಮೆರಿಕದ ಗ್ರಾಹಕರ ಕಾರ್ಡಿನಿಂದ ತಿಂಗಳ ಶುಲ್ಕ ಎರಡೆರಡು ಬಾರಿ ಕಡಿತವಾಗುತ್ತಿದೆ!

ಆದದ್ದು ಇಷ್ಟು. ಪ್ರತಿದಿನ ನ್ಯೂಯಾರ್ಕಿನ ಹೊತ್ತಿನಂತೆ ನಸುಕಿನ 1.30ಕ್ಕೆ ಶುಲ್ಕ ವಸೂಲು ಮಾಡುವ ಪ್ರೋಗ್ರಾಂ ನಾನೇ ಬರೆದದ್ದು, ಏಳು ತಿಂಗಳ ಹಿಂದೆ. ನವೆಂಬರಿನ ಮೊದಲ ಆದಿತ್ಯವಾರ ನಸುಕಿನ 2 ಗಂಟೆಗೆ ಅಮೆರಿಕದವರು ಗಡಿಯಾರವನ್ನು ಮತ್ತೆ 1 ಗಂಟೆಗೆ ತಿರುಗಿಸುತ್ತಾರೆ. ಅಂದರೆ ಆ ಒಂದು ರಾತ್ರಿ 1.30 ಎಂಬುದು ಎರಡು ಸಲ ಬರುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಸಲ 11 ಗಂಟೆಗೆ, ಇನ್ನೊಂದು ಸಲ 12 ಗಂಟೆಗೆ. ಪ್ರೋಗ್ರಾಂ ಎರಡೂ ಸಲ ನಿಷ್ಠೆಯಿಂದ ಕೆಲಸ ಮಾಡಿತು. ಅದಕ್ಕೇನು ಗೊತ್ತು? ಗಡಿಯಾರ ಬದಲಾಗದ ದೇಶದಲ್ಲಿ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ. ಓದಿ ಒಪ್ಪಿದ ಆ ಇಬ್ಬರಿಗೂ ಹೊಳೆದಿರಲಿಲ್ಲ.

ಪ್ರೋಗ್ರಾಂ ನಿಲ್ಲಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಅಷ್ಟರಲ್ಲಿ ಎರಡು ಸಾವಿರದಷ್ಟು ಮಂದಿಯ ಹಣ ಹೋಗಿತ್ತು. ಯಾರಿಂದ ಎಷ್ಟು ಹೋಗಿದೆ ಎಂದು ಪಟ್ಟಿ ಮಾಡಿ, ನಿದ್ದೆಯಿಂದ ಎಬ್ಬಿಸಲ್ಪಟ್ಟ ಅಮೆರಿಕದ ಸಹೋದ್ಯೋಗಿಯೊಂದಿಗೆ ಲೆಕ್ಕ ತಾಳೆ ನೋಡಿ ಏಳುವಾಗ ಮೂರು ಗಂಟೆ. ಮದುಮಗಳು ಹೊರಟಾಗಿತ್ತು. ಬಿರಿಯಾನಿಯ ದೊಡ್ಡ ಪಾತ್ರೆಗಳನ್ನು ತೊಳೆಯಲು ಹಾಕಿದ್ದರು. ನಾನು ಹೊರಬರುವಾಗ ಕೇಳಿಸಿದ್ದು, "ಅವಳಿಗೆ ಈಗ ನಾವು ಯಾರೂ ಬೇಡ, ಕಂಪ್ಯೂಟರ್ ಒಂದೇ ಸಾಕು." ಹೇಳಿದವರು ಚಿಕ್ಕಮ್ಮನೇ. ಅವರ ಮಗಳನ್ನು ಬೀಳ್ಕೊಡುವ ಹೊತ್ತಿಗೆ ನಾನಿರಲಿಲ್ಲ ಎಂಬ ನೋವು ಅದು. ಅದನ್ನು ನಾನು ಇಂದಿಗೂ ಅಲ್ಲಗಳೆಯಲಾರೆ.

ಮರುದಿನ ಕಂಪೆನಿಯಲ್ಲಿ ಏನಾಯಿತು ಎಂದು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಇಂತಹ ಘಟನೆಯ ಬಳಿಕ ಒಂದು ವಿವರವಾದ ವರದಿ ಬರೆಯಬೇಕು. ಅದರಲ್ಲಿ ಯಾರು ತಪ್ಪು ಮಾಡಿದರು ಎಂದು ಯಾರೂ ಕೇಳಲಿಲ್ಲ. ತಪ್ಪು ಹೇಗೆ ನುಸುಳಿತು, ಮುಂದೆ ನುಸುಳದಂತೆ ಏನು ಮಾಡಬೇಕು ಎಂಬುದಷ್ಟೇ ಪ್ರಶ್ನೆ. ಒಳ್ಳೆಯ ತಂಡಗಳ ರೂಢಿ ಇದು. ಎಲ್ಲಾ ಕಡೆ ಹೀಗಿದೆ ಎನ್ನಲಾರೆ, ಬೆರಳು ತೋರಿಸುವುದನ್ನೇ ಕಸುಬು ಮಾಡಿಕೊಂಡವರ ಕೈಕೆಳಗೂ ನಾನು ದುಡಿದಿದ್ದೇನೆ. ಎರಡು ಬದಲಾವಣೆ ಮಾಡಿದೆವು. ಯಾವ ದೇಶದಲ್ಲೂ ಹಿಂದೆ ಮುಂದೆ ಆಗದ ಸಾರ್ವತ್ರಿಕ ಸಮಯವನ್ನು ಬಳಸಿದೆವು. ಹಣ ಕಡಿತ ಮಾಡುವ ಮೊದಲು ಈ ತಿಂಗಳು ಒಮ್ಮೆ ಆಗಿದೆಯೇ ಎಂದು ನೋಡುವ ಸಾಲನ್ನು ಸೇರಿಸಿದೆವು. ಹಣ ಮರಳಿಸಲು ಮೂರು ದಿನ ಹಿಡಿಯಿತು. ಚಿಕ್ಕಮ್ಮನನ್ನು ಒಲಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕಾಯಿತು.

ಹನ್ನೆರಡು ತಿಂಗಳಿಂದ ಭಾಗಿಸಿದರೆ ಸಿಗದ ಸಂಬಳ

ಈಗ ನಿಮಗೆ ಹೆಚ್ಚು ಆಸಕ್ತಿಯಿರುವ ವಿಷಯಕ್ಕೆ ಬರುತ್ತೇನೆ. ಮದುವೆಯ ಮಾತುಕತೆಯಲ್ಲಿ "ಹುಡುಗನಿಗೆ ಆರು ಲಕ್ಷದ ಪ್ಯಾಕೇಜ್" ಎಂಬ ಮಾತು ಬಂದರೆ ಹೆಣ್ಣಿನ ಕಡೆಯವರು ಕೂಡಲೇ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಐವತ್ತು ಸಾವಿರ ಎನ್ನುತ್ತಾರೆ. ಹಾಗಲ್ಲ. ಆ ಮೊತ್ತ ಕಂಪೆನಿ ಆತನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಸಿ.ಟಿ.ಸಿ. ಎನ್ನುವುದು ಇದನ್ನೇ. ಅದರಲ್ಲಿ ಭವಿಷ್ಯನಿಧಿಗೆ ಕಂಪೆನಿ ಕಟ್ಟುವ ಪಾಲು, ಎಂದೋ ಸಿಗುವ ಗ್ರಾಚ್ಯುಟಿ, ವಿಮೆಯ ಕಂತು ಎಲ್ಲವೂ ಸೇರಿರುತ್ತದೆ. ಕಂಪೆನಿ ಚೆನ್ನಾಗಿ ನಡೆದರೆ ಮಾತ್ರ ಸಿಗುವ ಬೋನಸ್ಸೂ ಅದರೊಳಗೇ ಇರುತ್ತದೆ. ಹುಡುಗನ ಪಾಲಿನ ಭವಿಷ್ಯನಿಧಿ, ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು ನಲವತ್ತು ಸಾವಿರದ ಆಚೀಚೆ. ಬೆಂಗಳೂರಿನ ಬಾಡಿಗೆ ಕೊಟ್ಟು ಉಳಿಯುವುದರಲ್ಲಿ ಊರಿಗೆ ಎಷ್ಟು ಕಳುಹಿಸಬಲ್ಲ ಎಂದು ನೀವೇ ಲೆಕ್ಕ ಹಾಕಿ.

ಅದೂ ಖಾಯಂ ಅಲ್ಲ. 2001ರಲ್ಲಿ, 2008ರಲ್ಲಿ, ಮತ್ತೆ 2022-23ರಲ್ಲಿ ಈ ಉದ್ಯಮ ಸಾಲುಸಾಲಾಗಿ ಜನರನ್ನು ಮನೆಗೆ ಕಳುಹಿಸಿದೆ. ಹಲವು ಕಂಪೆನಿಗಳಲ್ಲಿ ಒಂದು ಯೋಜನೆ ಮುಗಿದು ಇನ್ನೊಂದು ಸಿಗುವ ತನಕ ಇಂಜಿನಿಯರ್ "ಬೆಂಚಿ"ನ ಮೇಲೆ ಇರುತ್ತಾನೆ. ಸಂಬಳ ಬರುತ್ತದೆ, ಕೆಲಸ ಇರುವುದಿಲ್ಲ. ಹೊರಗಿನವರಿಗೆ ಇದು ಸುಖವೆಂದು ತೋರಬಹುದು. ಬೆಂಚು ಎರಡು ಮೂರು ತಿಂಗಳು ಉದ್ದವಾದರೆ ರಾತ್ರಿ ನಿದ್ದೆ ಹಾರಿಹೋಗುತ್ತದೆ. ಕೊನೆಗೆ ಒಂದು ದಿನ ಕರೆದು, ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯದು ಎಂದು ಮೃದುವಾಗಿ ಹೇಳುತ್ತಾರೆ.

ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನಿಗೆ 2023ರಲ್ಲಿ ಹೀಗಾಯಿತು. ತಂದೆಗೆ ಮಗನ ಕೆಲಸವೆಂದರೆ ಬಹಳ ಹೆಮ್ಮೆ. ಮೊಹಲ್ಲಾದಲ್ಲೆಲ್ಲಾ ಹೇಳಿಕೊಂಡಿದ್ದರು. ಅವನ ಸಂಬಳದ ಆಧಾರದಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ಅವನಿಗೆ ಹೇಳಲು ಬಾಯಿ ಬರಲಿಲ್ಲ. ಒಂದೂವರೆ ತಿಂಗಳು ದಿನಂಪ್ರತಿ ಬೆಳಗ್ಗೆ ಬ್ಯಾಗ್ ಹೆಗಲಿಗೇರಿಸಿ, ತಾಯಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಟು ಕಬ್ಬನ್ ಪಾರ್ಕಿನ ಲೈಬ್ರೆರಿಯಲ್ಲಿ ಕೂರುತ್ತಿದ್ದ. ಅಲ್ಲಿಂದಲೇ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಪಾರ್ಕಿನ ಕಲ್ಲುಬೆಂಚಿನಲ್ಲಿ ಊಟ ಮಾಡುತ್ತಿದ್ದ. ಮನೆಯಲ್ಲಿ ವಿಷಯ ಬಯಲಾದದ್ದು ತಂದೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ. ಕೌಂಟರಿನಲ್ಲಿ ವಿಮೆಯ ಕಾರ್ಡ್ ಕೊಟ್ಟರೆ ನಡೆಯುವುದಿಲ್ಲ ಎಂದರು. ಕೆಲಸ ಹೋದೊಡನೆ ಕಂಪೆನಿಯ ವಿಮೆಯೂ ಹೋಗಿತ್ತು. ತಂದೆ ಗುಣಮುಖರಾಗಿ ಬಂದರು. ಅವನಿಗೆ ಬೇರೆ ಕೆಲಸವೂ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. "ಮೊದಲ ದಿನವೇ ಹೇಳಬಹುದಿತ್ತಲ್ಲ ಬೇಟಾ" ಎಂದು ತಂದೆ ಅತ್ತರಂತೆ. ಹೇಳಬಹುದಿತ್ತು, ನಿಜ. ಹೇಳುವಷ್ಟು ಜಾಗ ಆ ಮನೆಯಲ್ಲಿತ್ತೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಆದ್ದರಿಂದ ನಿಮ್ಮ ಮಗನೋ ಮಗಳೋ ಇಂಜಿನಿಯರ್ ಆಗಿದ್ದರೆ, ಕಂಪೆನಿಯ ವಿಮೆ ಇದ್ದರೂ ತಂದೆತಾಯಿಯರ ಹೆಸರಿನಲ್ಲಿ ಬೇರೆಯೇ ಒಂದು ಆರೋಗ್ಯ ವಿಮೆ ಮಾಡಿಸಿಡಲು ಹೇಳಿ. ಆರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿಲ್ಲದೆ ಫ್ಲ್ಯಾಟ್ ಕೊಳ್ಳುವಂತೆ ಅವರನ್ನು ಒತ್ತಾಯಿಸಬೇಡಿ. ಕೆಲಸ ಬಿಡುವುದೂ ನೀವೆಣಿಸಿದಷ್ಟು ಸುಲಭವಲ್ಲ. ಎರಡು ತಿಂಗಳು, ಕೆಲವೆಡೆ ಮೂರು ತಿಂಗಳು ಮೊದಲೇ ನೋಟಿಸ್ ಕೊಡಬೇಕಾಗುತ್ತದೆ.

ಮಗಳನ್ನು ಈ ಕೆಲಸಕ್ಕೆ ಕಳುಹಿಸಬೇಕೇ ಎಂದು ನನ್ನನ್ನು ಕೇಳುವ ತಾಯಂದಿರಿದ್ದಾರೆ. ಕಳುಹಿಸಿ ಎಂದೇ ಹೇಳುತ್ತೇನೆ. ನನ್ನ ಸ್ಕಾರ್ಫ್ ಬಗ್ಗೆ ಪ್ರಶ್ನೆ ಕೇಳಿದವರು ಮೊದಲ ವಾರದಲ್ಲಿ ಒಬ್ಬಿಬ್ಬರು, ಆಮೇಲೆ ಪ್ರೋಗ್ರಾಂ ಸರಿ ಇದೆಯೇ ಎಂಬುದಷ್ಟೇ ಅವರಿಗೆ ಬೇಕಾಗಿತ್ತು. 2017ರ ತಿದ್ದುಪಡಿಯ ಬಳಿಕ ಮೊದಲ ಎರಡು ಹೆರಿಗೆಗಳಿಗೆ ಸಂಬಳ ಸಹಿತ ರಜೆ 12ರಿಂದ 26 ವಾರಗಳಿಗೆ ಏರಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಆಯಿತು. ಹತ್ತು ಜನರಿದ್ದರೂ ಸಾಕು, ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಸೇರುವಾಗಲೇ ಅದರ ಸದಸ್ಯರು ಯಾರೆಂದು ಕೇಳಿ ತಿಳಿದುಕೊಳ್ಳಲಿ. ಆದರೆ ನಾನು ಕಂಡ ಹೆಚ್ಚಿನ ಹುಡುಗಿಯರು ಕೆಲಸ ಬಿಟ್ಟದ್ದು ಕಂಪೆನಿಯ ಕಾಟದಿಂದಲ್ಲ. ಹಗಲು ಪೂರ್ತಿ ಮನೆ, ರಾತ್ರಿ ಪೂರ್ತಿ ಆಫೀಸು ಎಂಬ ಲೆಕ್ಕ ಎರಡನೆಯ ಮಗುವಿನ ಹೊತ್ತಿಗೆ ಯಾರಿಗೂ ತಾಳೆಯಾಗುವುದಿಲ್ಲ. ನನ್ನದು ತಾಳೆಯಾದದ್ದು ನನ್ನ ಅತ್ತೆಯಿಂದ. ಅಂದು ಚಹಾ ತಂದಿಟ್ಟು ಪ್ರಶ್ನೆ ಕೇಳಿದವರು ಉತ್ತರವನ್ನೂ ಕುಳಿತು ಕೇಳಿದರು. ಮರುದಿನದಿಂದ ಸಂಜೆಯ ಸಭೆಯ ಹೊತ್ತಿಗೆ ಮಕ್ಕಳನ್ನು ತಮ್ಮ ಕೋಣೆಗೆ ಕರೆದೊಯ್ದರು.

ಈಗ ಯಂತ್ರವೇ ಪ್ರೋಗ್ರಾಂ ಬರೆಯುತ್ತದಂತಲ್ಲ, ನಿಮಗೆಲ್ಲಾ ಕೆಲಸ ಇರುತ್ತದೆಯೇ ಎಂದು ಅವರು ಮೊನ್ನೆ ಕೇಳಿದರು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಈ ಪ್ರಶ್ನೆಯನ್ನು ನಾವೂ ನಮ್ಮೊಳಗೆ ಕೇಳಿಕೊಳ್ಳುತ್ತಿದ್ದೇವೆ. ನಾನೂ ಅಂತಹ ಯಂತ್ರಗಳನ್ನು ಬಳಸುತ್ತೇನೆ. ಒಂದು ಗಂಟೆಯ ಬರವಣಿಗೆಯನ್ನು ಅವು ಒಂದು ನಿಮಿಷದಲ್ಲಿ ಮುಗಿಸುತ್ತವೆ. ಹಾಗಾಗಿ ನನ್ನ ಪಾಲಿಗೆ ಓದುವುದು ಇನ್ನಷ್ಟು ಹೆಚ್ಚಾಗಿದೆ. ಬರೆದದ್ದು ಯಂತ್ರವಾದರೂ ನಸುಕಿನಲ್ಲಿ ಫೋನು ಬರುವುದು ನನಗೇ ತಾನೇ? ಹೊಸಬರ ಪಾಡು ಮಾತ್ರ ಕಷ್ಟ. ನಾವು ಕೈ ಪಳಗಿಸಿಕೊಂಡ ಸಣ್ಣಪುಟ್ಟ ಕೆಲಸಗಳೇ ಅವರಿಗೆ ಸಿಗುತ್ತಿಲ್ಲ. ಕಾಲೇಜಿನಲ್ಲಿರುವ ಮಕ್ಕಳಿಗೆ ನಾನು ಹೇಳುವುದು, ಇತರರು ಬರೆದ ಪ್ರೋಗ್ರಾಂಗಳನ್ನು ಓದಿ ಎಂದು. ಬೇಸರದ ಕೆಲಸ, ಆದರೆ ಉಳಿಯುವುದು ಅದೇ.

ಅಂದ ಹಾಗೆ, ಆ ಮದುವೆಯ ಬಳಿಕ ಉಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದ್ದೆ. ಗಡಿಯಾರ ಎರಡು ಸಲ 1.30 ತೋರಿಸುವ ವಿಷಯ ಅವರಿಗೆ ಬಹಳ ತಮಾಷೆಯಾಗಿ ಕಂಡಿತು. ಈಗ ಊರಿನಲ್ಲಿ ಯಾವ ಮನೆಯ ಮದುವೆ ನಿಶ್ಚಯವಾದರೂ ನನಗೆ ಫೋನು ಬರುತ್ತದೆ. ತಾರೀಕು ಹೇಳುವ ಮೊದಲು ಉಮ್ಮ ಕೇಳುವುದು, "ಆ ವಾರ ನಿನ್ನ ಸರದಿಯಾ?"